ನಾಲ್ಕು ಅಂಕದ ತೃಪ್ತಿ

ಎನ್‌ಕ್ವಾಸ್ ಎಂಬ ರಾಷ್ಟ್ರೀಯ ಗುಣಮಟ್ಟದ ತಪಾಸಣೆ ಹತ್ತಿರ ಬಂತೆಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ (ಪಿಎಚ್‌ಸಿ) ಗೋಡೆಗೆ ಬಣ್ಣ ಬರುತ್ತದೆ, ಕಸದ ಬುಟ್ಟಿಗೆ ಹೊಸ ಚೀಲ ಬರುತ್ತದೆ, ಬಾಗಿಲಿಗೊಂದು ಫಲಕ ಬರುತ್ತದೆ. ಅದರ ಜೊತೆಗೇ ಒಂದು ಫಾರಂ ಕೂಡ ಬರುತ್ತದೆ: ಸಿಬ್ಬಂದಿ ತೃಪ್ತಿ ಸಮೀಕ್ಷೆ. ಸಂಬಳ, ಸೌಕರ್ಯ, ಮೇಲಧಿಕಾರಿಯ ಸಹಕಾರ, ತರಬೇತಿ, ಕೆಲಸದ ಹೊರೆ, ಹೀಗೆ ಒಂದೊಂದು ಸಾಲಿಗೂ 1ರಿಂದ 5ರವರೆಗೆ ಅಂಕ ಕೊಡಬೇಕು. ಹೆಸರು ಬೇಡ, ಹುದ್ದೆ ಬರೆದರೆ ಸಾಕು. ಹುದ್ದೆಯ ಜಾಗದಲ್ಲಿ 'ಲ್ಯಾಬ್ ಟೆಕ್ನೀಷಿಯನ್' ಎಂದು ಬರೆದ ಮೇಲೆ ಹೆಸರು ಬೇರೆ ಯಾಕೆ ಬೇಕು? ಇಡೀ ಕೇಂದ್ರಕ್ಕೆ ಇರುವುದೇ ಒಬ್ಬರು. ಹಾಗಾಗಿ ಎಲ್ಲರೂ ನಾಲ್ಕಕ್ಕೆ ಟಿಕ್ ಹಾಕುತ್ತಾರೆ. ಐದು ಹಾಕಿದರೆ 'ಖುಷಿಯಾಗಿದ್ದಾರೆ, ಪಕ್ಕದ ಸಬ್‌ಸೆಂಟರಿನ (ಹಳ್ಳಿಯ ಉಪಕೇಂದ್ರದ) ಚಾರ್ಜೂ ಇವರಿಗೇ ಇರಲಿ' ಅಂದಾರು. ಎರಡು ಹಾಕಿದರೆ ಕರೆದು 'ಏನಮ್ಮಾ ನಿನ್ನ ಕಷ್ಟ' ಎಂದು ಎಲ್ಲರೆದುರು ಕೇಳಿಯಾರು. ನಾಲ್ಕು ಎಲ್ಲಕ್ಕಿಂತ ಕ್ಷೇಮ. ಫೈಲಿಗೆ ಸರಾಸರಿ 3.9 ಎಂದು ಏರುತ್ತದೆ, ತಪಾಸಣೆಗೆ ಬಂದವರು ಅದನ್ನು ನೋಡಿ ಮುಂದಿನ ಪುಟ ತಿರುಗಿಸುತ್ತಾರೆ.

ಕಾಡುವುದು ಆ ಸುಳ್ಳು ಅಂಕವಲ್ಲ. ಫಾರಂ ಹಿಂದಿರುವ ನಂಬಿಕೆ ಕಾಡುತ್ತದೆ. ಸಿಬ್ಬಂದಿಗೆ ತೃಪ್ತಿ ಇದ್ದರೆ ಕೆಲಸ ಚೆನ್ನಾಗಿ ಆಗುತ್ತದೆ, ಆದ್ದರಿಂದ ಮೊದಲು ತೃಪ್ತಿ ಅಳೆಯೋಣ, ಕಡಿಮೆಯಿದ್ದರೆ ಒಂದು ಯೋಗ ಶಿಬಿರ, ಒಂದು ಪ್ರೇರಣಾ ಭಾಷಣ ಇಡೋಣ ಎನ್ನುವ ಲೆಕ್ಕಾಚಾರ. ಪಿಎಚ್‌ಸಿಯ ಒಳಗಿನ ದಿನಚರಿ ಗೊತ್ತಿದ್ದವರಿಗೆ ಇದು ತಿರುಗುಮುರುಗು ಅನ್ನಿಸುತ್ತದೆ. ಕೈಗೆ ಬಂದ ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಲು ಸಾಧ್ಯವಾದ ದಿನ ಜನ ಹಗುರಾಗಿ ಮನೆಗೆ ಹೋಗುತ್ತಾರೆ. ಅರ್ಧಕ್ಕೆ ಬಿಟ್ಟು ಬರಬೇಕಾದ ದಿನ, ಸಂಬಳ ಅದೇ ದಿನ ಜಮೆಯಾಗಿದ್ದರೂ, ಮುಖ ಗಂಟಿಕ್ಕಿಕೊಂಡೇ ಹೋಗುತ್ತಾರೆ. ಕೆಲಸಕ್ಕೆ ಅಡ್ಡ ಬರುವುದು ಏನೆಂದು ನೋಡದೆ ಮನಸ್ಸನ್ನು ಅಳೆಯುವುದು, ಜ್ವರದ ಕಾರಣ ಹುಡುಕದೆ ದಿನಕ್ಕೆ ನಾಲ್ಕು ಸಲ ಥರ್ಮಾಮೀಟರ್ ಇಟ್ಟ ಹಾಗೆ.

ಗುರುವಾರದ ವಯಲ್

ಗುರುವಾರ ಲಸಿಕೆಯ ದಿನ. ಬೆಳಿಗ್ಗೆ ಎಂಟಕ್ಕೆ ಮುಂಚೆ ಐಎಲ್‌ಆರ್, ಅಂದರೆ ಲಸಿಕೆ ಇಡುವ ಫ್ರಿಜ್ಜು, ತೆಗೆದು ಉಷ್ಣತೆ ನೋಡಬೇಕು. +2ರಿಂದ +8 ಡಿಗ್ರಿ ಒಳಗಿರಬೇಕು, ದಿನಕ್ಕೆ ಎರಡು ಸಲ ಬರೆದಿಡಬೇಕು. ಡೀಪ್ ಫ್ರೀಜರಿನ ಐಸ್‌ಪ್ಯಾಕ್‌ಗಳನ್ನು ಹೊರಗೆ ಮೇಜಿನ ಮೇಲೆ ಹರಡಬೇಕು. ಅವು ಬೆವರಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಆಮೇಲೇ ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ನಾಲ್ಕು ಪ್ಯಾಕ್. ಗಡಿಬಿಡಿಯಲ್ಲಿ ಕಲ್ಲಿನಂಥ ಪ್ಯಾಕ್ ಹಾಗೇ ತುರುಕಿದರೆ ಪೆಂಟಾವೇಲೆಂಟ್, ಪಿಸಿವಿ, ಟಿಡಿಯಂಥವು ಹೆಪ್ಪುಗಟ್ಟಿ ಹಾಳಾಗುತ್ತವೆ, ಮತ್ತು ಹಾಳಾದದ್ದು ಹೊರಗಿನಿಂದ ಸುಲಭಕ್ಕೆ ಕಾಣುವುದಿಲ್ಲ. ಈ ಸದ್ದು ಕೇಳಿಸಿಕೊಳ್ಳುವುದು ಯಾವ ವರದಿಯಲ್ಲೂ ಬರದ ಕೆಲಸ. ಆದರೆ ಒಳ್ಳೆಯ ಸಿಸ್ಟರ್ ಯಾರು, ಸುಮ್ಮನೆ ಮುಗಿಸುವವರು ಯಾರು ಎಂದು ಇದರಲ್ಲೇ ಗೊತ್ತಾಗುತ್ತದೆ.

ಈಗ ಮಧ್ಯಾಹ್ನ ಎರಡರ ಹೊತ್ತಿಗೆ ಬನ್ನಿ. ಬೆಂಗಳೂರು ಗ್ರಾಮಾಂತರದ ಕಡೆಯ ಒಂದು ಅಂಗನವಾಡಿ ಎಂದುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಒಡೆದ ದಡಾರ-ರುಬೆಲ್ಲಾ (ಎಂಆರ್) ವಯಲಿನ ನಾಲ್ಕು ಗಂಟೆ ಮುಗಿದಿದೆ. ನೀರು ಬೆರೆಸಿದ ಮೇಲೆ ಎಂಆರ್, ಬಿಸಿಜಿಗಳಿಗೆ ಇರುವ ಆಯಸ್ಸು ಅಷ್ಟೇ. ಪೆಂಟಾವೇಲೆಂಟ್‌ನ ಹಾಗೆ ಮುಂದಿನ ವಾರಕ್ಕೆ ಇಟ್ಟುಕೊಳ್ಳುವಂತಿಲ್ಲ. ಆಶಾ ಪಟ್ಟಿಗೆ ಗೆರೆ ಎಳೆದಾಗಿದೆ, ಕ್ಯಾರಿಯರ್ ಮುಚ್ಚಿ ಆಗಿದೆ. ಆಗ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ತಾಯಿಯೊಬ್ಬಳು ಒಂಬತ್ತು ತಿಂಗಳ ಮಗುವನ್ನು ಎತ್ತಿಕೊಂಡು ಬರುತ್ತಾಳೆ. "ಅಕ್ಕಾರ, ಇವತ್ತ ಕೂಲಿ ಬಿಟ್ಟ ಬಂದೀನ್ರಿ." ಒಂದು ಮಗುವಿಗೆ ಐದು ಡೋಸಿನ ಹೊಸ ವಯಲ್ ಒಡೆಯಬೇಕೋ, ಬೇಡವೋ?

ನಿಯಮ ಸ್ಪಷ್ಟವಾಗಿದೆ: ಒಂದೇ ಮಗು ಬಂದರೂ ಒಡೆಯಿರಿ. ಆದರೆ ತಿಂಗಳ ಮೀಟಿಂಗ್‌ನಲ್ಲಿ ಪರದೆಯ ಮೇಲೆ ಬರುವುದು ಲಸಿಕೆ ಪೋಲಾದ ಶೇಕಡಾವಾರು. ಅಲ್ಲಿ ಈ ವಯಲಿನ ಲೆಕ್ಕ ಐದರಲ್ಲಿ ನಾಲ್ಕು ಪೋಲು, ಶೇ 80. ಮಗುವಿನ ಹೆಸರು ಪರದೆಯ ಮೇಲೆ ಬರುವುದಿಲ್ಲ. "ನಿಮ್ಮ ಸೆಂಟರ್ ಯಾಕಮ್ಮಾ ಕೆಂಪಲ್ಲಿದೆ?" ಎಂದು ಒಂದು ಸಲ ಎಲ್ಲರ ಮುಂದೆ ಕೇಳಿಸಿಕೊಂಡ ಸಿಸ್ಟರ್ ಮುಂದಿನ ಗುರುವಾರ ಏನು ಮಾಡುತ್ತಾರೆ? "ಮುಂದಿನ ವಾರ ಬನ್ನಮ್ಮಾ, ನಾಕು ಮಕ್ಕಳಾಗ್ಲಿ" ಎನ್ನುತ್ತಾರೆ. ಮುಂದಿನ ವಾರದ ಹೊತ್ತಿಗೆ ಆ ಕುಟುಂಬ ಇನ್ನೊಂದು ಸೈಟಿಗೆ ಹೋಗಿರುತ್ತದೆ.

ಇಲ್ಲಿ ಎರಡೂ ಒಟ್ಟಿಗೆ ಮುರಿಯುತ್ತವೆ. ಸಾಧನೆ ಮುರಿಯಿತು, ಒಂದು ಮಗು ತಪ್ಪಿತು. ತೃಪ್ತಿಯೂ ಮುರಿಯಿತು, ಯಾಕೆಂದರೆ ಆ ಸಿಸ್ಟರ್‌ಗೆ ಸರಿಯಾದದ್ದು ಯಾವುದೆಂದು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ತಪ್ಪಿನ ಕಡೆಗೆ ವಾಲಬೇಕಾಯಿತು. ಆರೋಗ್ಯ ಕೇಂದ್ರದ ದಣಿವಿನಲ್ಲಿ ದೊಡ್ಡ ಪಾಲು ಇಂಥದ್ದು. ಮೈಕೈ ನೋವು ರಾತ್ರಿ ಮಲಗಿದರೆ ಹೋಗುತ್ತದೆ, ಇದು ಹೋಗುವುದಿಲ್ಲ. ಮದ್ದು ಮಾತ್ರ ಸಣ್ಣದು. ಮೀಟಿಂಗ್‌ನಲ್ಲಿ ಪೋಲಿನ ಶೇಕಡಾವಾರನ್ನು ಒಂಟಿಯಾಗಿ ತೋರಿಸಬಾರದು. 'ಎಷ್ಟು ವಯಲ್ ಒಂದೇ ಮಗುವಿಗೆ ಒಡೆದಿರಿ' ಎಂಬ ಇನ್ನೊಂದು ಕಾಲಂ ಪಕ್ಕದಲ್ಲೇ ಇಟ್ಟು, ಅದನ್ನು ಹೊಗಳಿಕೆಯ ಕಾಲಂ ಆಗಿ ಓದಬೇಕು. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ತಾಲೂಕು ಆರೋಗ್ಯಾಧಿಕಾರಿ (ಟಿಎಚ್‌ಒ) ಮನಸ್ಸು ಮಾಡಿದರೆ ಸಾಕು.

ಮೂರು ಜನ, ಇಪ್ಪತ್ತೊಂದು ಪಾಳಿ

24×7 ಪಿಎಚ್‌ಸಿ ಎಂಬ ಫಲಕ ಇರುವ ಕಡೆ ಸಾಮಾನ್ಯವಾಗಿ ಮೂರು ಸ್ಟಾಫ್ ನರ್ಸ್ ಹುದ್ದೆ. ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ಒಬ್ಬೊಬ್ಬರಿಗೆ ವಾರಕ್ಕೊಂದು ರಜೆ ಕೊಟ್ಟರೆ ಮೂವರಿಂದ 18 ಪಾಳಿ ಆಗುತ್ತದೆ. ಮೂರು ಪಾಳಿಗೆ ಜನವೇ ಇಲ್ಲ. ಗಂಟೆಯ ಲೆಕ್ಕ ಹಾಕಿದರೆ ವಾರಕ್ಕೆ 168 ಗಂಟೆ. 48 ಗಂಟೆಯ ವಾರ ಹಿಡಿದರೆ ಮೂರೂವರೆ ಜನ ಬೇಕು. ರಜೆ, ತರಬೇತಿ, ಮೀಟಿಂಗ್, ಹೆರಿಗೆ ರಜೆ ಎಲ್ಲ ಸೇರಿಸಿದರೆ ನಾಲ್ಕಕ್ಕೂ ಮಿಕ್ಕಿ. ಅಂದರೆ ಮೂರೂ ಹುದ್ದೆ ಭರ್ತಿ ಇದ್ದು, ಒಬ್ಬರೂ ಕಾಯಿಲೆ ಬೀಳದೆ ಇದ್ದಾಗಲೇ ಈ ಲೆಕ್ಕ ಹರಿದಿರುತ್ತದೆ. ಒಬ್ಬರನ್ನು ತಾಲೂಕು ಆಸ್ಪತ್ರೆಗೆ ನಿಯೋಜನೆ ಮಾಡಿದರೆ ಮುಗಿಯಿತು. ಉಳಿದ ಇಬ್ಬರು ತಮ್ಮತಮ್ಮಲ್ಲೇ 'ನೀನು ಎರಡು ದಿನ, ನಾನು ಎರಡು ದಿನ' ಎಂದು ಮಾತಾಡಿಕೊಂಡು 48 ಗಂಟೆ ಎಳೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಮೂರು ಪಾಳಿ ಅಂದವಾಗಿ ಕಾಣುತ್ತದೆ. ಈ ಹೊಂದಾಣಿಕೆಯನ್ನು ಹಲವರು ಶಿಸ್ತಿಲ್ಲದಿರುವಿಕೆ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಭಾಗಾಕಾರ ಗೊತ್ತಿಲ್ಲದವರ ಮಾತು.

ಆ ರಾತ್ರಿ ಪಾಳಿಯಲ್ಲಿ ಏನಾಗಬಹುದು? ಜೂನ್, ಜುಲೈ ತಿಂಗಳು, ಬಿತ್ತನೆಯ ಕಾಲ. ಹತ್ತೂವರೆಗೆ ಒಂದು ಬೈಕಿನಲ್ಲಿ ಮೂವರು ಬರುತ್ತಾರೆ, ನಡುವೆ ಕುಳಿತವನ ಕಾಲಿಗೆ ಟವೆಲ್ ಬಿಗಿದಿದೆ. ಕೊಳಕುಮಂಡಲ ಇರಬಹುದು. ಸಿಸ್ಟರ್ ಒಬ್ಬರೇ, ಒಳಗೆ ಹೆರಿಗೆ ಕೋಣೆಯಲ್ಲಿ ಆರು ಸೆಂಟಿಮೀಟರ್ ತೆರೆದುಕೊಂಡ ಚೊಚ್ಚಲ ಗರ್ಭಿಣಿ. ಎರಡು ಎಂಎಲ್ ರಕ್ತ ತೆಗೆದು ಒಣಗಿದ, ಶುದ್ಧವಾದ ಗಾಜಿನ ನಳಿಕೆಯಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಡಬೇಕು, ಆಮೇಲೆ ವಾಲಿಸಿ ನೋಡಬೇಕು. ಪ್ಲಾಸ್ಟಿಕ್ ನಳಿಕೆಯಾದರೆ, ಸೋಪಿನಲ್ಲಿ ತೊಳೆದದ್ದಾದರೆ ಪರೀಕ್ಷೆ ಕೆಟ್ಟಿತು. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ, ಮೊದಲ ಸುತ್ತಿಗೇ ಹತ್ತು ವಯಲ್ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಪ್ರತಿವಿಷ. ಪುಡಿಯ ವಯಲ್, ಒಂದೊಂದಕ್ಕೂ ಹತ್ತು ಎಂಎಲ್ ನೀರು ಹಾಕಿ, ಕುಲುಕದೆ, ಅಂಗೈ ನಡುವೆ ಮೆಲ್ಲಗೆ ಹೊರಳಿಸಬೇಕು. ಕುಲುಕಿದರೆ ನೊರೆ ಬರುತ್ತದೆ. ಹತ್ತು ವಯಲ್ ಹೀಗೆ ಹೊರಳಿಸಲು ಒಬ್ಬಳ ಎರಡು ಕೈಗೆ ಎಷ್ಟು ಹೊತ್ತು ಹಿಡಿದೀತು ಎಂದು ಯೋಚಿಸಿ. ಪಕ್ಕದಲ್ಲಿ ಅಡ್ರಿನಲಿನ್ ಎಳೆದು ಸಿದ್ಧವಿಡಬೇಕು, ಮೈ ತುರಿಸಿ ಬಿಪಿ ಬಿದ್ದರೆ ತೊಡೆಗೆ ಅರ್ಧ ಮಿಲಿಗ್ರಾಂ. ಅಷ್ಟರಲ್ಲಿ ಒಳಗಿಂದ ಕೂಗು. ಹೊರಗೆ ಸಂಬಂಧಿಕರು ಇಪ್ಪತ್ತು ಜನ ಸೇರಿದ್ದಾರೆ, "ಏನ್ರೀ ಸುಮ್ನೆ ನಳಿಕೆ ನೋಡ್ತಾ ನಿಂತಿದ್ದೀರಾ" ಎನ್ನುತ್ತಾರೆ. ಆ ಇಪ್ಪತ್ತು ನಿಮಿಷ ಸುಮ್ಮನೆ ನೋಡುವುದೇ ಚಿಕಿತ್ಸೆ ಎಂದು ಅವರಿಗೆ ಹೇಳಲು ಇನ್ನೊಬ್ಬರು ಅಲ್ಲಿಲ್ಲ.

ಹಾವು ಕಡಿತವನ್ನು ಕರ್ನಾಟಕ 2024ರ ಫೆಬ್ರವರಿಯಲ್ಲಿ ಅಧಿಸೂಚಿತ ಕಾಯಿಲೆ ಮಾಡಿತು, ಒಳ್ಳೆಯದೇ ಆಯಿತು. ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಜೈಲು, ದಂಡ ಎನ್ನುವ ರಾಜ್ಯದ ಕಾಯ್ದೆ 2009ರಿಂದ ಇದೆ, ಅದರ ಫಲಕವೂ ಗೋಡೆಯ ಮೇಲಿದೆ. ರಾತ್ರಿ ಹತ್ತೂವರೆಗೆ ಫಲಕ ಬಾಗಿಲು ಹಾಕುವುದಿಲ್ಲ. ಆ ಹೊತ್ತಿಗೆ ಬೇಕಾದ್ದು ಒಂದು ಒಳಚಿಲಕ, ಹೊರಗೊಂದು ದೀಪ, ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬ ಗ್ರೂಪ್ ಡಿ, ಫೋನ್ ಎತ್ತುವ ವೈದ್ಯರು. ಸಿಸ್ಟರ್‌ಗಳು ವರ್ಗಾವಣೆಗೆ ಕೌನ್ಸೆಲಿಂಗ್‌ನಲ್ಲಿ ಯಾವ ಪಿಎಚ್‌ಸಿ ಆರಿಸುತ್ತಾರೆ ಎಂದು ಗಮನಿಸಿದರೆ ಇದು ಗೊತ್ತಾಗುತ್ತದೆ. ಊರು ದೊಡ್ಡದೋ ಚಿಕ್ಕದೋ ಅನ್ನುವುದಕ್ಕಿಂತ ಮುಂಚೆ 'ಅಲ್ಲಿ ಡಾಕ್ಟ್ರು ರಾತ್ರಿ ಫೋನ್ ಎತ್ತುತ್ತಾರಾ?' ಎಂದು ವಿಚಾರಿಸುತ್ತಾರೆ.

ಕ್ರಿಸ್ಟಿನಾ ಮಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಬರ್ನ್‌ಔಟ್‌ಗೆ, ಅಂದರೆ ಕೆಲಸದಿಂದ ಬಸವಳಿದು ಹೋಗುವುದಕ್ಕೆ, ಮೂರು ಮುಖ ಗುರುತಿಸಿದ್ದರು: ಮನಸ್ಸು ಬತ್ತಿಹೋಗುವುದು, ಎದುರಿರುವವರು ಮನುಷ್ಯರಾಗಿ ಕಾಣದೆ ಹೋಗುವುದು, ತನ್ನ ಕೈಯಲ್ಲಿ ಏನೂ ಆಗದು ಎನ್ನಿಸುವುದು. ಎರಡನೆಯದನ್ನು ನಮ್ಮ ವಾರ್ಡುಗಳಲ್ಲಿ ಕಿವಿಯಿಂದಲೇ ಪತ್ತೆ ಹಚ್ಚಬಹುದು. 'ಲಕ್ಷ್ಮಮ್ಮನ ಸೊಸೆ' ಎನ್ನುತ್ತಿದ್ದವರು 'ಹೈರಿಸ್ಕ್ ಕೇಸು' ಎನ್ನತೊಡಗುತ್ತಾರೆ, ಆಮೇಲೆ 'ಎರಡನೇ ಮಂಚ'. ಜನ ಇದನ್ನು ಸೊಕ್ಕು ಎನ್ನುತ್ತಾರೆ. ಎಷ್ಟೋ ಸಲ ಅದು 56 ಗಂಟೆಯ ವಾರ.

ಬರೆದದ್ದೇ ಕೆಲಸ

ಸಬ್‌ಸೆಂಟರಿನಲ್ಲಿ ಒಬ್ಬ ಗರ್ಭಿಣಿಯನ್ನು ನೋಡುವುದೆಂದರೆ ತೂಕ, ಬಿಪಿ, ಹಿಮೋಗ್ಲೋಬಿನ್, ಹೊಟ್ಟೆ ಮುಟ್ಟಿ ಮಗುವಿನ ಸ್ಥಿತಿ ನೋಡುವುದು, ಎದೆಬಡಿತ ಕೇಳುವುದು, ಕಾಲಿನ ಬಾವು, ಎರಡು ಮಾತು. ಮನಸ್ಸಿಟ್ಟು ಮಾಡಿದರೆ ಹದಿನೈದು ನಿಮಿಷ. ಆಮೇಲೆ ಅದೇ ಗರ್ಭಿಣಿಯನ್ನು ಬರೆಯಬೇಕು: ತಾಯಿ ಕಾರ್ಡು, ತಾಯಿ-ಮಗುವಿನ ಆರೋಗ್ಯದ ಆರ್‌ಸಿಎಚ್ ರಿಜಿಸ್ಟರ್, ಆರ್‌ಸಿಎಚ್ ಪೋರ್ಟಲ್, ಹೈರಿಸ್ಕ್ ಇದ್ದರೆ ಅದರದೇ ಪಟ್ಟಿ, ಕಬ್ಬಿಣದ ಮಾತ್ರೆಯ ದಾಸ್ತಾನು ಪುಸ್ತಕ, ಲ್ಯಾಬಿನ ಪುಸ್ತಕ, ತಿಂಗಳ ಒಂಬತ್ತನೇ ತಾರೀಖು ಬಂದಿದ್ದರೆ ಗರ್ಭಿಣಿಯರ ತಪಾಸಣಾ ದಿನದ ಪಿಎಂಎಸ್‌ಎಂಎ ವರದಿ, ತಿಂಗಳ ಕೊನೆಗೆ ಎಚ್‌ಎಂಐಎಸ್ ಎಂಬ ತಿಂಗಳ ವರದಿ ಪೋರ್ಟಲ್‌ನಲ್ಲಿ ಒಂದು ಸಂಖ್ಯೆ, ಆಶಾ ಡೈರಿಯಲ್ಲಿ ಇನ್ನೊಂದು ಸಲ. ಇದರ ಜೊತೆಗೆ ಸಾಂಕ್ರಾಮಿಕ ರೋಗಗಳಿಗೆ ಐಎಚ್‌ಐಪಿ, ಕ್ಷಯಕ್ಕೆ ನಿಕ್ಷಯ್, ಲಸಿಕೆಗೆ ಯು-ವಿನ್, ಬಿಪಿ-ಶುಗರಿಗೆ ಎನ್‌ಸಿಡಿ ಪೋರ್ಟಲ್. ಒಂದರ ಪಾಸ್‌ವರ್ಡ್ ಇನ್ನೊಂದಕ್ಕೆ ಆಗದು, ಒಂದರಲ್ಲಿ ಹಾಕಿದ್ದು ಇನ್ನೊಂದಕ್ಕೆ ತಾನಾಗಿ ಹೋಗದು. ಸರ್ವರ್ ಹಗಲು ನಿಧಾನ ಇರುತ್ತದಾದ್ದರಿಂದ ರಾತ್ರಿ ಮನೆಯಲ್ಲಿ ಅಡುಗೆ ಮುಗಿಸಿ, ಸ್ವಂತ ಮೊಬೈಲ್ ಡೇಟಾದಲ್ಲಿ ತುಂಬುವವರೇ ಹೆಚ್ಚು.

ದಾಖಲೆ ಬೇಡ ಎನ್ನುವ ವಾದ ನನ್ನದಲ್ಲ. ಡ್ಯೂ ಲಿಸ್ಟ್ ಇಲ್ಲದೆ ಯಾವ ಮಗು ಬಾಕಿ ಎಂದು ತಿಳಿಯುವುದಿಲ್ಲ. ಕೆಟ್ಟದ್ದು ಯಾವಾಗ ಶುರುವಾಗುತ್ತದೆ ಎಂದರೆ, ಮೇಲಿನವರ ಕಣ್ಣಿಗೆ ಬರೆದದ್ದು ಮಾತ್ರ ಕಂಡು, ಮಾಡಿದ್ದು ಕಾಣದೆ ಹೋದಾಗ. ಆಗ ಕೆಳಗಿನವರು ಬಹುಬೇಗ ಕಲಿತುಬಿಡುತ್ತಾರೆ. ಬಿಪಿ ಎಲ್ಲರದ್ದೂ 120/80 ಆಗುತ್ತದೆ, ಹಿಮೋಗ್ಲೋಬಿನ್ ಎಲ್ಲರದ್ದೂ 10.5. ಒಂದು ರಿಜಿಸ್ಟರಿನ ಪುಟ ತೆರೆದು ಬಿಪಿ ಕಾಲಂ ಮೇಲಿನಿಂದ ಕೆಳಗೆ ಓದಿ ನೋಡಿ. ಮೂವತ್ತರಲ್ಲಿ ಇಪ್ಪತ್ತು 120/80 ಇದ್ದರೆ ಅಲ್ಲಿ ಕಫ್ ಹರಿದಿದೆ, ಅಥವಾ ಸಿಸ್ಟರ್ ಒಳಗೊಳಗೇ ಕೈಚೆಲ್ಲಿದ್ದಾರೆ. ಎರಡಕ್ಕೂ ನೋಟಿಸು ಕೊಡುವುದು ಸುಲಭ, ಕಫ್ ಕೊಡಿಸುವುದು ಇನ್ನೂ ಸುಲಭ.

ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ಈ ಬರಹದ ಕಾಟ ನೇರವಾಗಿ ಹೊಟ್ಟೆಗೇ ಬಡಿಯುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿಗೆ 3, 7, 14, 21, 28, 42ನೇ ದಿನ ಮನೆಗೆ ಹೋಗಬೇಕು. ಮಗುವನ್ನು ಜೋಲಿ ತಕ್ಕಡಿಯಲ್ಲಿ ತೂಗಬೇಕು, ಉಷ್ಣತೆ ನೋಡಬೇಕು, ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. ಈ ಆರು ಭೇಟಿಗೆ ಒಟ್ಟು 250 ರೂಪಾಯಿ, ಅಂದರೆ ಭೇಟಿಗೆ 42 ರೂಪಾಯಿಗೂ ಕಡಿಮೆ. ಅಷ್ಟೂ ಮಾಡಿದ ಮೇಲೆ ಪೋರ್ಟಲ್‌ನಲ್ಲಿ ಎಂಟ್ರಿ ಬೀಳದಿದ್ದರೆ ಅದೂ ಇಲ್ಲ. ಎಂಟ್ರಿ ಹಾಕಬೇಕಾದವರು ಬೇರೆಯವರು. 2025ರ ಜನವರಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕುಳಿತಾಗ ಅವರ ಬೇಡಿಕೆಯಲ್ಲಿ ಮೊತ್ತ ಎಷ್ಟು ಮುಖ್ಯವಾಗಿತ್ತೋ ಪೋರ್ಟಲ್‌ಗೆ ಗಂಟುಹಾಕಿದ ಲೆಕ್ಕವನ್ನು ಬಿಡಿಸಿ ಎನ್ನುವುದೂ ಅಷ್ಟೇ ಮುಖ್ಯವಾಗಿತ್ತು. ತಿಂಗಳಿಗೆ ಕನಿಷ್ಠ 10,000 ಎಂಬ ಭರವಸೆಯ ಮೇಲೆ ಎದ್ದರು. ಕೆಲಸ ಮಾಡಿಯೂ ದುಡ್ಡು ಬಾರದಿರುವುದು ಒಂದು ನೋವು. ಮಾಡಿದ ಕೆಲಸ ಆಗಿಯೇ ಇಲ್ಲ ಎಂದು ಪರದೆ ಹೇಳುವುದು ಅದಕ್ಕಿಂತ ಬೇರೆ ಜಾತಿಯ ನೋವು.

ಸಂಬಳದ ಮಾತು, ಚುಟುಕಾಗಿ

1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತಾಡಿಸಿ ಒಂದು ವಾದ ಮುಂದಿಟ್ಟರು. ಸಂಬಳ, ಮೇಲ್ವಿಚಾರಣೆ, ಕೆಲಸದ ಜಾಗ, ಇವು ಕೆಟ್ಟಿದ್ದರೆ ಅತೃಪ್ತಿ ಹುಟ್ಟುತ್ತದೆ, ಆದರೆ ಸರಿಯಿದ್ದ ಮಾತ್ರಕ್ಕೆ ಹುಮ್ಮಸ್ಸು ಹುಟ್ಟುವುದಿಲ್ಲ. ಹುಮ್ಮಸ್ಸು ಹುಟ್ಟುವುದು ಸಾಧನೆ, ಮನ್ನಣೆ, ಹೊಣೆ, ಬೆಳವಣಿಗೆಯಿಂದ. ಮೊದಲಿನ ಗುಂಪಿಗೆ ಅವರು ಇಟ್ಟ ಹೆಸರು 'ನೈರ್ಮಲ್ಯದ ಅಂಶಗಳು'. ನಮ್ಮ ಕೇಂದ್ರಗಳ ಮಟ್ಟಿಗೆ ಇದನ್ನು ಅಕ್ಷರಶಃ ತೆಗೆದುಕೊಂಡರೂ ನಡೆಯುತ್ತದೆ: ಹೆಂಗಸರೇ ಹೆಚ್ಚಿರುವ ಜಾಗದಲ್ಲಿ ಸಿಬ್ಬಂದಿಗೆಂದು ನೀರು ಬರುವ ಒಂದು ಶೌಚಾಲಯ ಇಲ್ಲದ ಕಡೆ, ಸಿಸ್ಟರ್‌ಗಳು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೆಲಸ ಮಾಡುತ್ತಾರೆ.

ಆದರೆ ಹರ್ಜ್‌ಬರ್ಗ್ ಎದುರಿಗಿದ್ದವರು ಕಾಯಂ ಸಂಬಳದವರು. ನಮ್ಮಲ್ಲಿ ಒಂದೇ ಹೆರಿಗೆ ಕೋಣೆಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರು ಕಾಯಂ, ಇನ್ನೊಬ್ಬರು ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆ. ಸಂಬಳ ಬೇರೆ, ರಜೆ ಬೇರೆ, ಮಾರ್ಚ್ ಬಂದರೆ ಒಬ್ಬರಿಗೆ ಬಜೆಟ್ಟಿನ ಸುದ್ದಿ, ಇನ್ನೊಬ್ಬರಿಗೆ ಮುಂದುವರಿಕೆಯ ಆದೇಶದ ಚಿಂತೆ. 'ಅನುದಾನ ಬಂದಿಲ್ಲ' ಎಂಬ ಎರಡು ಪದದಲ್ಲಿ ಎರಡೆರಡು ತಿಂಗಳು ದೂಡುವುದುಂಟು. 2023ರ ಫೆಬ್ರವರಿ, ಮಾರ್ಚ್‌ನಲ್ಲಿ ರಾಜ್ಯದ ಎನ್‌ಎಚ್‌ಎಂ ನೌಕರರು ಕಾಯಮಾತಿ ಕೇಳಿ ವಾರಗಟ್ಟಲೆ ಮುಷ್ಕರ ಕುಳಿತದ್ದು ಇದಕ್ಕೇ. ಸಂಬಳ ಹೆಚ್ಚಿದ್ದರೆ ಜನ ಉತ್ಸಾಹದಿಂದ ಕುಣಿಯುತ್ತಾರೆ ಎಂದೇನೂ ಇಲ್ಲ. ಆದರೆ ಪಕ್ಕದವರಿಗೆ ಯಾಕೆ ಬೇರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಡೆ ತಂಡ ಎನ್ನುವ ಮಾತೇ ನಿಲ್ಲುವುದಿಲ್ಲ. ಸ್ವಚ್ಛ ಆಸ್ಪತ್ರೆಗಳಿಗೆ ಕೊಡುವ ಕಾಯಕಲ್ಪದ ಬಹುಮಾನವೂ ಇಲ್ಲಿ ಸಣ್ಣ ಪಾಠ ಕಲಿಸುತ್ತದೆ. ಸಮಾಧಾನಕರ ಬಹುಮಾನದ 50,000ದಲ್ಲಿ ಕಾಲು ಭಾಗ ಸಿಬ್ಬಂದಿಗೆ ಹಂಚಬಹುದು. 12,500 ರೂಪಾಯಿ, ಹನ್ನೆರಡು ಜನ. ತಲೆಗೆ ಸಾವಿರದ ಚಿಲ್ಲರೆ. ಇದನ್ನು ಗುಡಿಸುವವರಿಂದ ವೈದ್ಯರವರೆಗೆ ಸಮನಾಗಿ ಹಂಚಿದ ಕಡೆ ಆ ಸಾವಿರದ ಮಾತು ವರ್ಷವಿಡೀ ನಡೆಯುತ್ತದೆ. ಹಂಚದೆ ಪರದೆ ಬಟ್ಟೆ ತಂದ ಕಡೆಯೂ ವರ್ಷವಿಡೀ ನಡೆಯುತ್ತದೆ, ಬೇರೆ ಧಾಟಿಯಲ್ಲಿ.

ಬೆರಳು ಒತ್ತಿದರೆ ಬಂದಂತೆಯೇ?

ಸಾಧನೆ ಹೆಚ್ಚಿಸಲು ಸರ್ಕಾರಗಳಿಗೆ ಮೊದಲು ಹೊಳೆಯುವುದು ಹಾಜರಿ. ಕರ್ನಾಟಕದಲ್ಲಿ ಇದರ ದೊಡ್ಡ ಪ್ರಯೋಗವೇ ನಡೆದಿದೆ. ಐದು ಜಿಲ್ಲೆಗಳ 322 ಪಿಎಚ್‌ಸಿಗಳಲ್ಲಿ ಚೀಟಿ ಎತ್ತಿದ ಹಾಗೆ 140ನ್ನು ಆರಿಸಿ ಬೆರಳಚ್ಚು ಯಂತ್ರ ಇಟ್ಟರು. ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಎಂಬ ಅರ್ಥಶಾಸ್ತ್ರಜ್ಞರು ಫಲಿತಾಂಶ ಅಳೆದರು. ಹಾಜರಿ ಸುಮಾರು ಶೇ 15 ಏರಿತು. ಏರಿದ್ದು ನರ್ಸ್, ಲ್ಯಾಬ್, ಔಷಧ ವಿಭಾಗದವರದು. ವೈದ್ಯರ ಹಾಜರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಕಡಿಮೆ ತೂಕದ ಶಿಶುಗಳ ಪ್ರಮಾಣ ಇಳಿಯಿತು, ಇದು ಸಣ್ಣ ಮಾತಲ್ಲ. ಸಿಬ್ಬಂದಿ ಇದ್ದರೆ ಗರ್ಭಿಣಿಗೆ ಪ್ರಯೋಜನ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಆದರೆ ಬಾರದವರ ಮೇಲೆ ಕ್ರಮದ ಮಾತು ಬಂದಾಗ ವ್ಯವಸ್ಥೆ ಹಿಂದೆ ಸರಿಯಿತು. ವೈದ್ಯರನ್ನು ಗದರಿದರೆ ಬಿಟ್ಟುಹೋದಾರು, ಆ ಖಾಲಿ ಜಾಗಕ್ಕೆ ಇನ್ನೊಬ್ಬರು ಸಿಗಲಾರರು ಎಂಬ ಭಯ ಮೇಲಿನವರಿಗೆ. ರಾಜಸ್ಥಾನದ ಉದಯಪುರದಲ್ಲಿ ನರ್ಸ್‌ಗಳ ಹಾಜರಿಗೆ ಸೇವಾ ಮಂದಿರ ಸಂಸ್ಥೆ ನಡೆಸಿದ ಪ್ರಯೋಗದಲ್ಲೂ ಮೊದಲ ತಿಂಗಳುಗಳು ಹೊಳೆದವು. ಹದಿನಾರು ತಿಂಗಳ ಹೊತ್ತಿಗೆ 'ವಿನಾಯಿತಿ ದಿನ'ಗಳು ಬೆಳೆದು ಎಲ್ಲವೂ ಮೊದಲಿನಂತಾಯಿತು.

ಯಂತ್ರಕ್ಕೆ ಕಾಣದ ಇನ್ನೊಂದು ಸಂಗತಿ ಕ್ಷೇತ್ರದ ಕೆಲಸ. ಸಬ್‌ಸೆಂಟರ್ ಸಿಸ್ಟರ್‌ನ ಹಳ್ಳಿ ಪಿಎಚ್‌ಸಿಯಿಂದ ಎಂಟು ಕಿಲೋಮೀಟರ್ ಇದ್ದು, ಬೆರಳು ಒತ್ತಲು ಪಿಎಚ್‌ಸಿಗೇ ಬರಬೇಕು ಎಂದರೆ ಹೋಗಿಬರುವ ಹದಿನಾರು ಕಿಲೋಮೀಟರ್, ಬಸ್ಸಿನ ಹೊತ್ತು, ಬೆಳಗಿನ ಒಂದೂವರೆ ಗಂಟೆ ಹೋಯಿತು. ಕೂಲಿಗೆ ಹೋಗುವ ತಾಯಂದಿರು ಮನೆಯಲ್ಲಿ ಸಿಗುವುದು ಆ ಒಂದೂವರೆ ಗಂಟೆಯಲ್ಲೇ. ಹಾಜರಿ ಶೇ 100, ಮನೆ ಭೇಟಿ ಬೀಗ ಹಾಕಿದ ಬಾಗಿಲಿಗೆ.

ಬೇರೊಂದು ಬಗೆಯ ಅನ್ಯಾಯವೂ ಇದೆ, ಇದನ್ನು ಯಾವ ಸಮೀಕ್ಷೆಯೂ ಕೇಳುವುದಿಲ್ಲ. ಚೆನ್ನಾಗಿ ಮಾಡುವವರಿಗೆ ಇನ್ನಷ್ಟು ಕೆಲಸ ಕೊಡುವುದು. ಕಂಪ್ಯೂಟರ್ ಬರುವ ಸಿಸ್ಟರ್‌ಗೆ ಉಳಿದವರ ಎಂಟ್ರಿಯೂ ಬರುತ್ತದೆ. ಜಗಳವಾಡದ ಫಾರ್ಮಸಿಯವರಿಗೆ ಪಕ್ಕದ ಕೇಂದ್ರದ ಪ್ರಭಾರ ಬರುತ್ತದೆ, ವಾರಕ್ಕೆ ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ. ಎರಡೂ ಕಡೆ ಜನ 'ಯಾವಾಗ ಬಂದರೂ ಇರಲ್ಲ' ಎಂದು ಬೈಯುತ್ತಾರೆ. 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಇದು ಇನ್ನೂ ಬಿಗಿ. 2022ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಚಾಲನೆ ಸಿಕ್ಕ ಈ ನಗರ ಕ್ಲಿನಿಕ್‌ಗಳ ರಚನೆಯೇ ನಾಲ್ಕು ಜನರದು: ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನೀಷಿಯನ್, ಒಬ್ಬ ಗ್ರೂಪ್ ಡಿ. ಮಾತ್ರೆ ಕೊಡುವ ಕೆಲಸ ನರ್ಸ್ ತಲೆಗೆ. ಒಬ್ಬರು ರಜೆ ಹಾಕಿದರೆ ಕಾಲು ಭಾಗ ಕ್ಲಿನಿಕ್ ಇಲ್ಲ. ಅಲ್ಲಿ ರಜೆ ಕೇಳುವವರು ತಪ್ಪು ಮಾಡಿದವರಂತೆ ಕೇಳುತ್ತಾರೆ.

ಕೈಯಳತೆಯಲ್ಲಿ ಇರುವುದು

ಹುದ್ದೆ ತುಂಬುವುದು, ಗುತ್ತಿಗೆ ತೆಗೆಯುವುದು ಬೆಂಗಳೂರಿನ ಕೈಯಲ್ಲಿದೆ. ಆದರೆ ಕೇಂದ್ರದ ಆಡಳಿತ ವೈದ್ಯಾಧಿಕಾರಿಯ ಕೈಯಲ್ಲೂ ಏನೂ ಇಲ್ಲ ಎನ್ನುವಂತಿಲ್ಲ. ಡ್ಯೂಟಿ ಪಟ್ಟಿಯನ್ನು ಹಿಂದಿನ ತಿಂಗಳ 25ಕ್ಕೇ ಬರೆದು ಗೋಡೆಗೆ ಅಂಟಿಸಿ, ಆಮೇಲೆ ಬದಲಾಯಿಸದೆ ಇರುವುದೊಂದೇ ಎಷ್ಟೋ ಜಗಳ ತಪ್ಪಿಸುತ್ತದೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುವವರಿಗೆ ರಾತ್ರಿ ಪಾಳಿ ಇದೆ ಎನ್ನುವುದಕ್ಕಿಂತ, ನಾಳೆ ಇದೆ ಎಂದು ಇವತ್ತು ಸಂಜೆ ತಿಳಿಯುವುದು ಹೆಚ್ಚು ಕಷ್ಟ. ರಾತ್ರಿ ಪಾಳಿಯ ಮಾರನೇ ದಿನ ಮೀಟಿಂಗಿಗೆ ಕರೆಯಬಾರದು; ಇದು ಬರೆಯದ ನಿಯಮವಾಗಿ ಉಳಿದರೆ ಮೂರನೇ ತಿಂಗಳು ಮುರಿಯುತ್ತದೆ, ಆದ್ದರಿಂದ ಪಟ್ಟಿಯ ಕೆಳಗೆ ಬರೆದೇ ಇಡಬೇಕು.

ಔಷಧದ ಕೊರತೆ ಸಿಬ್ಬಂದಿಯ ಮನಸ್ಸು ಕೆಡಿಸುವಷ್ಟು ಬೇರೇನೂ ಕೆಡಿಸುವುದಿಲ್ಲ; ಬೈಗುಳ ತಿನ್ನುವುದು ಕಿಟಕಿಯ ಒಳಗೆ ಕೂತವರು. ಇನ್ನೂರು ಐಟಂಗಳ ಪಟ್ಟಿ ಹಿಡಿದು ಕೂರದೆ, ಇಲ್ಲದಿದ್ದರೆ ಆ ದಿನವೇ ಕೇಂದ್ರ ನಿಲ್ಲುವಂಥ ಇಪ್ಪತ್ತನ್ನು ಬೇರೆ ಬರೆದುಕೊಳ್ಳಬೇಕು: ಆಮ್ಲೊಡಿಪಿನ್, ಮೆಟ್‌ಫಾರ್ಮಿನ್, ಪ್ಯಾರಾಸಿಟಮಾಲ್, ಓಆರ್‌ಎಸ್, ಆಕ್ಸಿಟೋಸಿನ್, ಮೆಗ್ನೀಸಿಯಂ ಸಲ್ಫೇಟ್, ಎಎಸ್‌ವಿ, ರೇಬೀಸ್ ಲಸಿಕೆ, ಅಡ್ರಿನಲಿನ್, ಗ್ಲುಕೋಮೀಟರ್ ಪಟ್ಟಿ, ಹೀಗೆ. ಪ್ರತಿ ಸೋಮವಾರ ಹತ್ತು ನಿಮಿಷ ಇವನ್ನು ಮಾತ್ರ ಎಣಿಸಿ, ಎದುರಿಗೆ ವಾರದ ಖರ್ಚು ಬರೆದರೆ ಇನ್ನೆಷ್ಟು ವಾರ ಬರುತ್ತದೆ ಎಂದು ಭಾಗಿಸಿ ನೋಡಬಹುದು. ನಾಲ್ಕು ವಾರಕ್ಕಿಂತ ಕೆಳಗಿಳಿದದ್ದಕ್ಕೆ ಅದೇ ದಿನ ಇಂಡೆಂಟ್, ಎರಡಕ್ಕಿಂತ ಕೆಳಗಿಳಿದರೆ ಪಕ್ಕದ ಪಿಎಚ್‌ಸಿಗೆ ಫೋನು. ಬಿಪಿ ಮಾತ್ರೆಯನ್ನು ತಿಂಗಳಿಗೆ ಕೊಡುವ ಬದಲು ಹತ್ತು ದಿನಕ್ಕೆ ಕೊಡತೊಡಗಿದರೆ ಹೊರರೋಗಿಗಳಲ್ಲಿ ಆ ಮಾತ್ರೆಯವರ ಸಾಲು ಮೂರು ಪಟ್ಟಾಗುತ್ತದೆ ಎಂಬ ಸರಳ ಗುಣಾಕಾರ ಇಲ್ಲಿ ಮರೆತುಹೋಗುತ್ತದೆ. ನೂರು ಜನರ ಸಾಲಿಗೆ ಬೆಳಗಿನ ನಾಲ್ಕು ಗಂಟೆ ಹಂಚಿದರೆ ವೈದ್ಯರಿಗೆ ಸಿಗುವುದು ತಲೆಗೆ ಎರಡೂವರೆ ನಿಮಿಷಕ್ಕೂ ಕಡಿಮೆ. ಅದರಲ್ಲಿ ಮೂವತ್ತು ಜನ ಬರೀ ಮಾತ್ರೆಗೆ ಬಂದವರಾಗಿದ್ದರೆ, ಅವರಿಗೆ ತಿಂಗಳ ಮಾತ್ರೆ ಕೊಟ್ಟಿದ್ದರೆ ಉಳಿದವರಿಗೆ ಇನ್ನೂ ಅರ್ಧ ನಿಮಿಷಕ್ಕಿಂತ ಹೆಚ್ಚು ಸಿಗುತ್ತಿತ್ತು.

ದುಡ್ಡಿನ ವಿಷಯಕ್ಕೆ ಬಂದರೆ, ಪಿಎಚ್‌ಸಿಗೆ ಮುಕ್ತ ನಿಧಿ, ವಾರ್ಷಿಕ ನಿರ್ವಹಣೆ, ಆರೋಗ್ಯ ರಕ್ಷಾ ಸಮಿತಿ ಎಂದು ವರ್ಷಕ್ಕೆ 1.75 ಲಕ್ಷದ ಲೆಕ್ಕ ಇದೆ. ಪೂರ್ತಿ ಬರುವ ವರ್ಷವೂ ಉಂಟು, ತಡವಾಗಿ ಬರುವ ವರ್ಷವೂ ಉಂಟು. ಬಂದದ್ದರಲ್ಲಿ ಮೊದಲ ಖರ್ಚು ಯಾವುದು ಎಂಬುದು ವೈದ್ಯಾಧಿಕಾರಿಯ ಗುಣ ಹೇಳುತ್ತದೆ. ಮುಂಬಾಗಿಲ ಫಲಕವೋ, ಸಿಬ್ಬಂದಿ ಶೌಚಾಲಯದ ಟ್ಯಾಂಕಿಗೆ ಮೋಟರೋ? ರಾತ್ರಿ ಕೋಣೆಗೆ ಒಳಚಿಲಕ, ಎರಡು ಬಿಪಿ ಕಫ್, ಇನ್‌ವರ್ಟರ್ ಬ್ಯಾಟರಿಗೆ ನೀರು, ಇವಕ್ಕೆ ಸಭೆಯ ನಡಾವಳಿಯಲ್ಲಿ ಎರಡು ಸಾಲು ಸಾಕು.

ಇನ್ನು ಆ ಫಾರಂ. ಅದನ್ನು ಬಿಸಾಡಬೇಕಾಗಿಲ್ಲ, ಅಂಕದ ಸಾಲುಗಳ ಕೆಳಗೆ ಎರಡು ಗೆರೆ ಖಾಲಿ ಬಿಟ್ಟರೆ ಸಾಕು: 'ಈ ತಿಂಗಳು ಮಾಡಬೇಕೆಂದಿದ್ದು ಮಾಡಲಾಗದೆ ಉಳಿದ ಕೆಲಸ ಯಾವುದು? ಅಡ್ಡ ಬಂದದ್ದು ಏನು?' ಹುದ್ದೆ ಬೇಡ. ಕೈಬರಹದ ಅಂಜಿಕೆ ಇರುವವರು ಯಾರ ಕೈಲಾದರೂ ಬರೆಸಲಿ. ಪೆಟ್ಟಿಗೆ ವೈದ್ಯಾಧಿಕಾರಿಯ ಕೋಣೆಯಲ್ಲಿ ಬೇಡ, ಚಹಾ ಕುಡಿಯುವ ಜಾಗದಲ್ಲಿರಲಿ, ತೆರೆಯುವಾಗ ಎಲ್ಲರೂ ಇರಲಿ. ಮೊದಲ ತಿಂಗಳು ದೊಡ್ಡ ಮಾತು ಬರುವುದಿಲ್ಲ. 'ಎರಡನೇ ಸಬ್‌ಸೆಂಟರಿನ ತಕ್ಕಡಿ ಎರಡು ಕೆಜಿ ಜಾಸ್ತಿ ತೋರಿಸುತ್ತದೆ', 'ಲ್ಯಾಬಿನ ಕಿಟಕಿಯಿಂದ ಮಳೆ ನೀರು', 'ಬಾತ್‌ರೂಮಿಗೆ ಚಿಲಕವಿಲ್ಲ' ಎಂಬಂಥವು ಬರುತ್ತವೆ. ಎರಡನೇ ತಿಂಗಳ ಫಾರಂ ಹಂಚುವ ಮುಂಚೆ ಆ ಚಿಲಕ ಹಾಕಿಸಿರಬೇಕು. ಹಾಕಿಸದೆ ಹಂಚಿದರೆ ಮತ್ತೆ ಎಲ್ಲರೂ ನಾಲ್ಕಕ್ಕೇ ಟಿಕ್ ಹಾಕುತ್ತಾರೆ, ಕೆಳಗಿನ ಎರಡು ಗೆರೆ ಖಾಲಿಯೇ ಇರುತ್ತವೆ.